ಬಿಳಿಯ ಮೇಲೆ ಹಳದಿ

ಎದುರುಮನೆಯ ದೇವಕ್ಕ ಮೂರು ದಿನದ ತರಬೇತಿಗೆ ಹೋಗಿ ವೆಬ್‌ಸೈಟ್ ಮಾಡುವುದನ್ನು ಕಲಿತು ಬಂದಾಗಿನಿಂದ ನೀಲವ್ವನ ಹೊಟ್ಟೆಯಲ್ಲಿ ಕೆಂಡ ಬಿದ್ದಂತಾಗಿತ್ತು. ಹಳೇ ಸೀರೆಯ ತುಂಡುಗಳಲ್ಲಿ ಕೌದಿ ಹೊಲಿಯುವವರು ಇಬ್ಬರೂ. ಇನ್ನು ಗಿರಾಕಿಗಳೆಲ್ಲ ಅವಳಿಗೇ ಫೋನು ಮಾಡುತ್ತಾರೆ.

ಒಂದು ಮಧ್ಯಾಹ್ನ ದೇವಕ್ಕ ಮೊಬೈಲು ಹಿಡಿದು ಬಂದು ಕಟ್ಟೆಯ ಮೇಲೆ ಕೂತಳು. "ಒಂದು ವೆಬ್‌ಸೈಟ್ ಮಾಡೇನಿ. ಹೆಸರು, ಫೋಟೋ ಇನ್ನೂ ಹಾಕಿಲ್ಲ. ನೋಡಿದವರಿಗೆ ಸಲೀಸಾಗಿ ತಿಳೀಬೇಕಂತ. ಬಣ್ಣ ನಿನಗ ತಿಳದಂಗ ಯಾರಿಗೆ ತಿಳೀತದ? ಏನ್ ತಿದ್ದಲಿ, ಹೇಳವ್ವಾ."

ನೀಲವ್ವ ನೋಡಿದಳು. ಬಿಳಿ ಪುಟದ ಮೇಲೆ ದೊಡ್ಡ ಕಪ್ಪು ಅಕ್ಷರ, ನೆತ್ತಿಯ ಮೇಲೇ ಫೋನ್ ನಂಬರಿಗೆ ಜಾಗ. ತಿದ್ದುವಂಥದ್ದೇನೂ ಇರಲಿಲ್ಲ.

"ಕರೀ ಅಕ್ಷರ ತಿಥಿ ಕಾರ್ಡಿನಂಗ ಕಾಣ್ತಾವ. ಹಳದಿ ಮಾಡು," ಎಂದಳು. ಬಿಳಿ ಅರಿವೆಯ ಮೇಲೆ ಹಳದಿ ತುಂಡು ಕಾಣುವುದಿಲ್ಲವೆಂದು ತಾನು ಮಾತ್ರ ಜನ್ಮದಲ್ಲಿ ಹಚ್ಚಿದವಳಲ್ಲ.

"ಫೋನ್ ನಂಬರು?"

"ಮ್ಯಾಲೆ ಹಾಕಿದ್ರ ಗಿರಾಕಿ ಇಲ್ದ ಕುಂತಾರ ಅಂತಾರ. ತಳದಾಗ ಹಾಕು, ಸಣ್ಣಗ."

ದೇವಕ್ಕ ಒಂದೊಂದನ್ನೂ ಹೇಳಿದಂತೆಯೇ ತಿದ್ದಿದಳು. ನೀಲವ್ವನ ಎದೆ ತಣ್ಣಗಾಯಿತು; ಒಳಗೆ ಹೋಗಿ ಚಹಾ ಕೂಡ ಮಾಡಿ ತಂದಳು.

ಚಹಾ ಕುಡಿದಿಟ್ಟು ದೇವಕ್ಕ ಅಂದಳು: "ತರಬೇತ್ಯಾಗ, ಊರಾಗ ಎಲ್ಲಾರಿಗಿಂತ ಚಲೋ ಕೌದಿ ಹೊಲಿಯೋರ ಸೈಟ್ ಮದ್ಲ ಮಾಡ್ರಿ ಅಂದಿದ್ರು. ಹೂಂ, ನಿನ್ನ ನಂಬರ್ ಹೇಳು."