ಮೂವತ್ತೆಂಟನೆಯ ಪುಟ

ಯಂತ್ರವೇ ಎಲ್ಲವನ್ನೂ ಓದಿ ಎರಡು ಸಾಲಿನಲ್ಲಿ ಹೇಳಿಬಿಡುವ ಕಾಲ ಬಂದು ಇಪ್ಪತ್ತು ವರ್ಷವಾಗಿತ್ತು. ಆದರೂ ಕಾಲೇಜಿನ ಹಿಂದಿನ ಕೋಣೆಯಲ್ಲಿ ನಾಗವೇಣಿ ಮೇಡಂ ಡಿಗ್ರಿ ಕೊನೆಯ ವರ್ಷದ ಐವರಿಗೆ ಪುಟಪುಟವಾಗಿ ಓದಿಸುತ್ತಿದ್ದರು. ಓದಿದ್ದನ್ನು ಸ್ವಂತ ಮಾತಿನಲ್ಲಿ ಹೇಳದೆ ಯಾರೂ ಮುಂದಿನ ಪುಟಕ್ಕೆ ಹೋಗುವಂತಿರಲಿಲ್ಲ.

ಇವತ್ತಿನ ಪಾಠ ಆಡಳಿತದ ಹೊಸ ಆಜ್ಞೆ, ನಲವತ್ತು ಪುಟ, ಆಡಳಿತದ ಜಾಲತಾಣದಲ್ಲೇ ತೆರೆದು ಓದುವಂಥದ್ದು. 'ಎಲ್ಲರಿಗೂ ಬೇರೆ ಊರಲ್ಲಿ ಹೊಸ ಮನೆ' ಎಂದಷ್ಟೇ ಯಂತ್ರ ಹೇಳಿತ್ತು. ಊರಿಗೆ ಊರೇ ಪೇಡೆ ಹಂಚಿತ್ತು.

"ಹೋದೋರು ವಾಪಸ್ ಬರೋದು ಎಲ್ಲೂ ಬರ್ದಿಲ್ರೀ ಮೇಡಂ," ಎಂದಳು ತಬಸ್ಸುಮ್, ಮೂವತ್ತನೆಯ ಪುಟದಲ್ಲಿ.

ನಾಗವೇಣಿಯವರಿಗೆ ಪಾಠ ಅಲ್ಲಿಗೇ ನಿಲ್ಲಿಸೋಣವೆನಿಸಿತು. ಆದರೆ ಅರ್ಧಕ್ಕೆ ಬಿಡುವುದನ್ನು ಅವರು ಯಾರಿಗೂ ಕಲಿಸಿರಲಿಲ್ಲ.

ಮೂವತ್ತೆಂಟನೆಯ ಪುಟ ಪರದೆಯ ಮೇಲೆ ತೆರೆದುಕೊಂಡಿತು. ಅದರಲ್ಲಿದ್ದದ್ದು ಒಂದೇ ಸಾಲು: 'ಇಲ್ಲಿಯವರೆಗೆ ಓದಿದವರು ಇದ್ದಲ್ಲೇ ಇರತಕ್ಕದ್ದು.'

ಹೊರಗೆ ಜೀಪೊಂದು ಬಂದು ನಿಂತ ಸದ್ದಾಯಿತು.

"ನಿನ್ನ ಮಾತಿನಾಗ ಹೇಳಪ್ಪ, ಕೊಟ್ರೇಶ," ಎಂದರು ಮೇಡಂ.

ಹುಡುಗ ಬಾಗಿಲ ಕಡೆ ನೋಡುತ್ತಲೇ ಹೇಳಿದ: "ಇದು ಊರಿನೋರಿಗೆ ಬರ್ದಿದ್ದಲ್ರೀ ಮೇಡಂ. ಓದೋರು ಇನ್ನೂ ಯಾರದಾರ ಅಂತ ಹುಡುಕಾಕ ಬರ್ದಿದ್ದು."