ಅಜ್ಜಿಗೆ ಒಪ್ಪಿಗೆಯಾದ ಜಾಗ

ಮಿನಿಬಸ್ಸಿನ ಮೆಟ್ಟಿಲಿನಿಂದ ಅಜ್ಜಿ ಒಂದು ಕಾಲನ್ನು ಮರಳಿನ ಮೇಲಿಟ್ಟು, ಕೆಂಡ ತುಳಿದವಳಂತೆ ಹಿಂದಕ್ಕೆ ಎಳೆದುಕೊಂಡಾಗ ನಂಜೇಶ ನೀರಿನ ಕೊಡಕ್ಕೆ ಓಡಿದ. ಬಂದ ಗಿರಾಕಿ ಕೈತಪ್ಪಿತು ಎಂದುಕೊಂಡ.

ಗಿರಾಕಿ ಎಂದರೆ ಅವನ ಪಾಲಿಗೆ ಹುಡುಗಾಟವಲ್ಲ. ತಲಕಾಡಿನ ಈಚೆಗೆ, ಕಾವೇರಿಯ ನೀರು ಕಟ್ಟೆಗೆ ತಡೆದು ಕೆರೆಯಂತೆ ನಿಲ್ಲುವ ಕಡೆ, ಅಪ್ಪನಿಂದ ಅವನಿಗೆ ಬಂದದ್ದು ಒಂದು ತುಂಡು ಮರಳು. ಹೊರದೇಶದ ಜನ ಮನೆಯನ್ನೇ ಗಾಡಿಯ ಮೇಲೆ ಕಟ್ಟಿಕೊಂಡು ಹೋಗಿ ಮರಳುಗಾಡಿನ ಕೆರೆಗಳ ದಡದಲ್ಲಿ ಬಿಡಾರ ಹೂಡುವುದನ್ನು ಒಮ್ಮೆ ಟೀವಿಯಲ್ಲಿ ನೋಡಿದ. ನಮ್ಮಲ್ಲೇನು ಮರಳಿಲ್ಲವೇ, ನೀರಿಲ್ಲವೇ, ಬಿಸಿಲಿಗೇನು ಬರವೇ ಎಂದು ಹುರುಪೇರಿತು. ಎರಡು ಕಕ್ಕಸು ಕಟ್ಟಿಸಿ, ಬೋರ್‌ವೆಲ್ ಕೊರೆಸಿ, ತೆಂಗಿನಗರಿಯ ಚಪ್ಪರ ಹಾಕಿಸಿ, ‘ಮನೆಗಾಡಿ ತಂಗುದಾಣ’ ಎಂದು ಬೋರ್ಡು ನೆಟ್ಟ. ಯೋಚನೆಯಲ್ಲಿ ತಪ್ಪೇನೂ ಇರಲಿಲ್ಲ. ಸುತ್ತ ಯಾವ ಊರಿನಲ್ಲೂ ಮನೆಗಾಡಿ ಇರಲಿಲ್ಲ, ಅಷ್ಟೇ.

ಎರಡು ಬೇಸಿಗೆ ಕಳೆದರೂ ಚಪ್ಪರಕ್ಕೆ ಬಂದದ್ದು ಎಮ್ಮೆಗಳು ಮಾತ್ರ. ಊರವರು ನಕ್ಕರು. ಹೆಂಡತಿ ಅರ್ಪಿತ ನಗಲಿಲ್ಲ, ಕಡೆಯ ಮಾತು ಹೇಳಿದಳು. "ಈ ಬೇಸ್ಗೇಲೂ ಒಂದ್ ಗಾಡಿ ನಿಲ್ನಿಲ್ಲ ಅಂದ್ರೆ ಬೋರ್ಡ್ ಕಿತ್ತಾಕಿ ಸೌತೆಕಾಯಿ ಹಾಕ್ತೀನಿ ಕಣ್ರೀ." ಬೀಜವನ್ನೂ ತಂದಿಟ್ಟುಕೊಂಡಿದ್ದಳು.

ಅಂಥ ಹೊತ್ತಿನಲ್ಲಿ ಈ ನೀಲಿ ಮಿನಿಬಸ್ಸು ದೇವರು ಕಳಿಸಿದಂತೆ ಬಂದು ನಿಂತಿತ್ತು. ಒಳಗೆ ಸೀಟು ಕಿತ್ತು ಮಂಚ ಹಾಕಿದ್ದರು. ಒಲೆ, ಪಾತ್ರೆ, ಕಿಟಕಿಗೆ ಪರದೆ. ಗೋಡೆಗೆ ಮುಖ ಮಾಡಿಸಿ ಒರಗಿಸಿದ, ಕಟ್ಟುಹಾಕಿಸಿದ ಒಂದು ಫೋಟೊ. ಓಡಿಸಿಕೊಂಡು ಬಂದವನು ಕವಲಂದೆಯ ದಿನಸಿ ಅಂಗಡಿಯ ಗುರುಮಲ್ಲಪ್ಪ. ಜೊತೆಗೆ ಹೆಂಡತಿ ಚನ್ನಾಜಮ್ಮ, ತಾಯಿ ಕೆಂಪಾಜಮ್ಮ. ಜಾಗ ಆರಿಸುವ ಅಧಿಕಾರ ಪೂರ್ತಿ ತಾಯಿಯದು.

"ಬೇರೆ ಎಲ್ಲೆಲ್ಲಿ ನೋಡುದ್ರಿ ಯಜಮಾನ್ರೆ?" ಎಂದು ಕೇಳಿದ ನಂಜೇಶ, ಮರಳಿಗೆ ಕೊಡಗಟ್ಟಲೆ ನೀರು ಸುರಿಯುತ್ತಾ.

"ಕಬಿನಿ ಹಿನ್ನೀರತ್ರ ಇದ್ದೋ. ಆನೆ ಬಂದು ಗಾಡಿಗೆ ಬೆನ್ನುಜ್ಜುಬುಡ್ತು. ನಂಜನಗೂಡಲ್ಲಿ ಹೊಳೆ ದಡದಲ್ಲಿ ನಿಲ್ಸಿದ್ರೆ ಜನವೋ ಜನ. ನರಸೀಪುರದ ಸಂಗಮದಲ್ಲಿ..."

"ಸಂಗಮದ ಮಾತು ಎತ್ಬ್ಯಾಡ," ಎಂದಳು ಅಜ್ಜಿ ಮೆಟ್ಟಿಲ ಮೇಲಿಂದಲೇ. "ನೋಡಿದ್ ಕಡೆಯೆಲ್ಲ ತಿಥಿ ಮಾಡೋರೇ. ಅವ್ರ ಮುಂದೆ ಕಾಫಿ ಕುಡ್ಕಂಡು ಕೂರಾಕೆ ನಂಗೇ ನಾಚ್ಕೆ ಆಯ್ತದೆ."

ಅಜ್ಜಿ ಬೋರ್‌ವೆಲ್ ನೀರು ಬಾಯಿಗೆ ಹಾಕಿ ಮುಕ್ಕಳಿಸಿ ನೋಡಿದಳು. ಕಕ್ಕಸಿನ ಚಿಲಕ ಎಳೆದು ನೋಡಿದಳು. ನೆಂಟಸ್ತಿಕೆಗೆ ಹೆಣ್ಣು ನೋಡಲು ಬಂದವರೂ ಇಷ್ಟು ತಪಾಸಣೆ ಮಾಡುವುದಿಲ್ಲ. ಕೊನೆಗೆ ಚಪ್ಪರದಡಿ ಗೋಣಿಚೀಲದ ಮೇಲೆ ಕೂತು ತೂಕಡಿಸಿದಳು. ಕಣ್ಣು ಮುಚ್ಚಿದ್ದೇ ತಡ, ಸೊಸೆ ಸೌಟು ಬಿಸಾಕಿ ಓಡಿ ಬಂದು ಅವಳ ಮೂಗಿನ ಕೆಳಗೆ ಬೆರಳು ಹಿಡಿದಳು.

"ಬದ್ಕಿವ್ನಿ, ಓಗಿ ಸಾರು ನೋಡೋಗು," ಎಂದು ಅಜ್ಜಿ ಗದರಿದಳು.

ನಂಜೇಶನಿಗೆ ಇದೆಲ್ಲ ಸರಿಕಾಣಲಿಲ್ಲ. ಕವಲಂದೆಯಿಂದ ಬೆಳಗ್ಗೆ ಬಂದವರು ಮಧ್ಯಾಹ್ನದ ಊಟಕ್ಕೆ ವಾಪಸ್ ಮನೆ ಸೇರಬಹುದು. ಅಷ್ಟು ಹತ್ತಿರದವರಿಗೆ ಬಿಡಾರವೇಕೆ? ಏನೋ ಎಡವಟ್ಟು ಮಾಡಿಕೊಂಡು ತಲೆಮರೆಸಿಕೊಂಡಿದ್ದಾರೆ. ನಾಳೆ ಪೊಲೀಸರು ಬಂದರೆ ಬೋರ್ಡು ಮಾತ್ರವಲ್ಲ, ತನ್ನ ಮಾನವೂ ಕಿತ್ತುಹೋಗುತ್ತದೆ. ಧೈರ್ಯ ಮಾಡಿ ಗುರುಮಲ್ಲಪ್ಪನನ್ನು ಪಕ್ಕಕ್ಕೆ ಕರೆದು ಕೇಳಿಯೇಬಿಟ್ಟ.

ಗುರುಮಲ್ಲಪ್ಪ ತಲೆ ತಗ್ಗಿಸಿದ. "ಮನೇಲಿ ಸಾವಾಯ್ತು ಕಣಪ್ಪ. ನಕ್ಷತ್ರ ಸರಿ ಇರ್ನಿಲ್ಲ. ಆರ್ ತಿಂಗ್ಳು ಮನೆ ಬುಡ್ಬೇಕು ಅಂದ್ರು ಅಯ್ನೋರು. ಬೀಗ ಜಡ್ದು, ಬಾಗ್ಲಿಗೆ ಮುಳ್ಳಾಕಿ ಬಂದಿವಿ. ನೆಂಟ್ರು ಮನೆಗೆ ಓದ್ರೆ, ಅವ್ವನ ಮಕ ಕಂಡೇಟ್ಗೆ ಒಳಗಿಂದ ಚಿಲ್ಕ ಆಕತಾರೆ. ಇನ್ನೇನ್ ಮಾಡನ, ಗಾಡೀನೇ ಮನೆ ಮಾಡ್ಕಂಡೋ."

ಆರು ತಿಂಗಳು! ಬೇರೆಯವರ ಮನೆಯ ಸಾವಿಗೆ ಇಷ್ಟು ಖುಷಿಪಡಬಾರದು ಎಂದು ನಂಜೇಶನಿಗೆ ನಾಚಿಕೆಯಾಯಿತು. ಆದರೂ ಖುಷಿ ತಡೆಯಲಾಗಲಿಲ್ಲ. ಓಡಿಹೋಗಿ ಅರ್ಪಿತಳಿಗೆ ಹೇಳಿದ.

ಅವಳ ಮುಖ ಬಿಳಿಚಿಕೊಂಡಿತು. "ಕೆಟ್ಟ ನಕ್ಷತ್ರದಲ್ಲಿ ಸತ್ತೋರು ಮನೆಯೋರ ಬೆನ್ನಿಗೇ ಬತ್ತಾರಂತೆ ಕಣ್ರೀ. ಬಂದು ನಮ್ಮನೇಲಿ ಸೇರ್ಕೊಂಡ್ರೆ? ಬ್ಯಾಡ, ಕಳ್ಸಿ."

"ಆರ್ ತಿಂಗ್ಳು ಕಣೇ! ಇವ್ರು ಓದ್ರೆ ಇನ್ಯಾರೂ ಬರಾಕಿಲ್ಲ."

ಗಂಡನ ಮುಖ ನೋಡಿ ಅವಳ ಮನಸ್ಸು ಕರಗಿತು. "ಅಂಗಾದ್ರೆ ಸತ್ತೋರು ಜೊತೇಲಿ ಬಂದಿಲ್ಲ ಅಂತ ಆ ಅಜ್ಜಿ ಬಾಯಲ್ಲೇ ಹೇಳ್ಸಿ. ಆಮೇಲೆ ಎಷ್ಟ್ ದಿನನಾದ್ರೂ ಇರ್ಲಿ."

ಗಂಡ ಹೆಂಡತಿ ಇಬ್ಬರೂ ಚಪ್ಪರಕ್ಕೆ ಬಂದರು. ಅಜ್ಜಿ ನೆನೆದ ಮರಳಿನ ಮೇಲೆ ಎರಡೂ ಕಾಲು ಚಾಚಿ ಕೂತಿದ್ದಳು. ಕೈಯಲ್ಲಿ ಕಾಫಿ ಲೋಟ.

"ಇಲ್ಲಿ ತಂಪಾಗದೆ ಮಗ. ಇಲ್ಲೇ ಇರಾವ," ಎಂದಳು.

ನಂಜೇಶನ ಕಣ್ಣು ತುಂಬಿ ಬಂತು. ಆದರೆ ಅರ್ಪಿತ ಹಿಂದಿನಿಂದ ಅಂಗಿ ಜಗ್ಗಿದಳು. ಅವನು ಗಂಟಲು ಸರಿಮಾಡಿಕೊಂಡ.

"ಅಜ್ಜಿ, ಬ್ಯಾಸ್ರ ಮಾಡ್ಕಬ್ಯಾಡಿ. ಒಂದೇ ಒಂದು ಮಾತು. ತೀರ್ಕೊಂಡೋರು... ನಿಮ್ ಜೊತೇಲಿ ಬಂದಿಲ್ಲ ತಾನೆ?"

"ಬರ್ದೆ ಇನ್ನೆಲ್ಲಿಗ್ ಓಗ್ಲಿ, ಸತ್ತಿದ್ದು ನಾನೇ ಕಣ್ ಮಗ," ಎಂದು ಕೆಂಪಾಜಮ್ಮ ಕಾಫಿ ಹೀರಿದಳು. "ಮಣ್ಣಿಗೆ ಎತ್ಕಂಡ್ ಓಗುವಾಗ ಕಣ್ಬುಟ್ಟೆ. ಜೀವ ವಾಪಸ್ ಬಂದ್ರೂ ನಕ್ಷತ್ರ ವಾಪಸ್ ಓಗಾಕಿಲ್ಲ ಅಂದ್ಬುಟ್ರು ಅಯ್ನೋರು."