ಮೀನು ಬಿಡಲು ಹೋದ ಅತ್ತಿ

ಕಲ್ಲುಪ್ಪಿನ ಡಬ್ಬಿಗೆ ಕೈ ಹಾಕಿದಾಗೆಲ್ಲ ನನಗೆ ನಿಪ್ಪಾಣಿಯ ಮನೆಯ ಒಂದು ಮಧ್ಯಾಹ್ನ ನೆನಪಾಗುತ್ತದೆ.

ನಾನಾಗ ಶಾಲೆಯ ನಾಲ್ಕನೇ ಇಯತ್ತೆಯಲ್ಲಿದ್ದೆ. ಬಜಾರಕ್ಕೆ ಹೋದಾಗೆಲ್ಲ ಹಟ ಮಾಡಿ ಮೀನು ತಂದು, ಸಣ್ಣ ಗಾಜಿನ ತೊಟ್ಟಿಯಲ್ಲಿ ಹದಿನಾಲ್ಕು ತುಂಬಿಸಿದ್ದೆ. ಆ ದಿನ ಎರಡು ಸತ್ತು ತೇಲುತ್ತಿದ್ದವು. ಉಳಿದವುಗಳ ಮೈಮೇಲೆ ರವೆ ಉದುರಿಸಿದಂಥ ಬಿಳಿ ಚುಕ್ಕೆಗಳಿದ್ದವು.

ನನ್ನ ಅಳು ಕೇಳಿ ಒಳಕೋಣೆಯಿಂದ ಸುಮಿತ್ರಾ ಅತ್ತಿ ಬಂದಳು. ಅಪ್ಪನ ತಂಗಿ. ಗಂಡನ ಮನೆಯಿಂದ ಒಬ್ಬಳೇ ಮರಳಿ ನಾಲ್ಕು ತಿಂಗಳಾಗಿತ್ತು. ಒಮ್ಮೆಯೂ ಹೊಸ್ತಿಲು ದಾಟಿರಲಿಲ್ಲ.

"ರೋಗ ಆಮ್ಯಾಲಿನ ಮಾತು. ಮೊದಲ ಇವಕ್ಕ ಉಸಿರಾಡಾಕ ಜಾಗಾನ ಇಲ್ಲ," ಎಂದಳು.

ತೊಟ್ಟಿಯ ಅರ್ಧ ನೀರು ತೆಗೆದು, ಮುಂಜಾನೆ ತುಂಬಿಟ್ಟ ಕೊಡದ ನೀರು ಸುರಿದಳು. ಕಲ್ಲುಪ್ಪನ್ನು ಬೆರಳಿಂದ ತಿಕ್ಕಿ ತಿಕ್ಕಿ ಕರಗಿಸಿ ಬೆರೆಸಿದಳು. ಆಮೇಲೆ ಆರು ಮೀನುಗಳನ್ನು ಬಕೆಟ್ಟಿಗೆ ಹಾಕಿಕೊಂಡು ಅಜ್ಜಿಯ ಚಪ್ಪಲಿ ಮೆಟ್ಟಿದಳು.

"ಎಲ್ಲಿ ಹೊಂಟಿ? ಮಂದಿ ಏನಂದಾರು?" ಎಂದಳು ಅಜ್ಜಿ.

"ಶಬಾನಾನ ಮನ್ಯಾಗ ಸಿಮೆಂಟಿನ ನೀರಿನ ಟಾಕಿ ಖಾಲಿ ಐತಿ. ಇವನ್ನ ಬಿಟ್ಟು ಬರ್ತೀನಬೇ."

ಶಬಾನಾ ಎಂದರೆ ಅತ್ತಿಯ ಶಾಲೆಯ ಗೆಳತಿ; ಅವಳದು ಓಣಿಯ ತುದಿಯ ಮನೆ. ದಾರಿಯುದ್ದಕ್ಕೂ ಅತ್ತಿ ತಲೆ ಎತ್ತದೆ ಬೇಗ ಬೇಗ ನಡೆದಳು; ನಾನು ಹಿಂದೆಯೇ ಓಡಿದೆ. ಶಬಾನಾ ಬಾಗಿಲು ತೆರೆದು ಅತ್ತಿಯ ಕೈಯಿಂದ ಬಕೆಟ್ಟು ತೆಗೆದುಕೊಂಡಳು.

"ಒಳಗ ಬಾ ಸುಮಿ, ಚಾ ಇಡ್ತೀನಿ," ಎಂದಳಷ್ಟೆ.

ಟಾಕಿಯ ನೀರಿಗೂ ಅತ್ತಿ ಕಲ್ಲುಪ್ಪು ಬೆರೆಸಿದಳು. ಎಂಟು ಹತ್ತು ದಿನಗಳಲ್ಲಿ ಎರಡೂ ಮನೆಯ ಮೀನುಗಳ ಚುಕ್ಕೆಗಳು ಹೋದವು. ಆಮೇಲೂ ಅತ್ತಿ ದಿನಾ ಮಧ್ಯಾಹ್ನ ಮೀನು ನೋಡಿ ಬರುತ್ತೇನೆಂದು ಹೊರಡುತ್ತಿದ್ದಳು. ಒಂದು ದಿನ ಅಜ್ಜಿ ಒಳಗಿನಿಂದಲೇ ಕೂಗಿದಳು: "ಬರೂಮುಂದ ಬಜಾರದಾಗ ಕೋತಂಬರಿ ತೊಗೊಂಡ ಬಾ."